ಸಾರ್ವಜನಿಕ ಚೌಕದಲ್ಲಿ ಬಟ್ಟೆಯ ಮಂಟಪ: ಚದರಡಿಯ ದರಕ್ಕಿಂತ ಗಾಳಿಯ ಲೆಕ್ಕ ಮುಖ್ಯ

ಜನರ ಚಲನೆಗೆ ಅಥವಾ ಸ್ಪರ್ಶಕ್ಕೆ ಬೆಳಕಿನ ಮೂಲಕ ಸ್ಪಂದಿಸುವ ಬಟ್ಟೆಯ ಮಂಟಪಗಳನ್ನು ನಗರದ ಚೌಕಗಳಲ್ಲಿ ನಿರ್ಮಿಸುವುದು ಹಲವು ದೇಶಗಳಲ್ಲಿ ರೂಢಿಗೆ ಬಂದಿದೆ. ಟಾರ್ಪಾಲಿನ್, ಶಾಮಿಯಾನ ಹಾಗೂ ಜವಳಿ ಉದ್ಯಮಿಗಳಿಗೆ ಇದೊಂದು ಅವಕಾಶ. ಆದರೆ ಶಾಮಿಯಾನದಂತೆ ಇದಕ್ಕೂ ಚದರಡಿಯ ದರ ಹೇಳಿ ಗುತ್ತಿಗೆ ಒಪ್ಪಿಕೊಂಡರೆ ನಷ್ಟಕ್ಕೂ, ಅದಕ್ಕಿಂತ ಮಿಗಿಲಾಗಿ ಅಪಘಾತಕ್ಕೂ ದಾರಿಯಾಗುತ್ತದೆ.

ವ್ಯಾಂಕೂವರಿನ ಬಲೆ

ಅಮೆರಿಕದ ಕಲಾವಿದೆ ಜಾನೆಟ್ ಎಕಲ್‌ಮನ್ 1997ರಲ್ಲಿ ತಮಿಳುನಾಡಿನ ಮಹಾಬಲಿಪುರದಲ್ಲಿ ಮೀನುಗಾರರ ಬಲೆಗಳನ್ನು ಕಂಡು, ಬಲೆಯಿಂದಲೇ ಶಿಲ್ಪಗಳನ್ನು ರಚಿಸತೊಡಗಿದರು. 2014ರ ಮಾರ್ಚ್‌ನಲ್ಲಿ ಕೆನಡಾದ ವ್ಯಾಂಕೂವರ್ ನಗರದ ಕನ್ವೆನ್ಷನ್ ಸೆಂಟರ್ ಬಳಿ ಅವರ 745 ಅಡಿ ಉದ್ದದ ಶಿಲ್ಪವನ್ನು ತೂಗುಹಾಕಲಾಯಿತು. ಕೆಳಗೆ ನಿಂತವರು ಮೊಬೈಲ್ ಪರದೆಯ ಮೇಲೆ ಬೆರಳಾಡಿಸಿದಂತೆ ಬಲೆಯ ಮೇಲಿನ ಬೆಳಕು ಬದಲಾಗುತ್ತಿತ್ತು. ಆ ಬೆಳಕು ಹೊರಗಿನ ಪ್ರೊಜೆಕ್ಟರುಗಳಿಂದ ಬರುತ್ತಿತ್ತು. ಉದ್ಯಮಿಗಳು ಇದರಿಂದ ಕಲಿಯಬೇಕಾದ ಪಾಠಗಳು ಎರಡು. ಬಲೆಯ ಕಣ್ಣುಗಳ ಮೂಲಕ ಗಾಳಿ ಹಾದುಹೋಗುವುದರಿಂದ ಒತ್ತಡ ತಗ್ಗುತ್ತದೆ. ವಿದ್ಯುತ್ ಉಪಕರಣಗಳನ್ನು ಬಟ್ಟೆಯೊಳಗೆ ಹೊಲಿಯದೆ ಹೊರಗಿರಿಸಿದರೆ ದುರಸ್ತಿ ಸುಲಭವಾಗುತ್ತದೆ.

ಗಾಳಿಯ ಭಾರ

ಭಾರತೀಯ ಮಾನಕ ಐಎಸ್ 875, ಭಾಗ 3ರ ಪ್ರಕಾರ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 650 ನ್ಯೂಟನ್, ಅಂದರೆ ಸುಮಾರು 65 ಕಿಲೋಗ್ರಾಂ ಭಾರದಷ್ಟು ಒತ್ತಡ ದೊರೆಯುತ್ತದೆ. ಪಿವಿಸಿ ಲೇಪಿತ ಪಾಲಿಯೆಸ್ಟರ್ ಬಟ್ಟೆಯ ತೂಕವಾದರೋ ಚದರ ಮೀಟರಿಗೆ ಒಂದು ಕಿಲೋಗ್ರಾಂ ಆಸುಪಾಸು. 100 ಚದರ ಮೀಟರಿನ ಚಾವಣಿಯನ್ನು ಗಾಳಿ ಈ ಒತ್ತಡದಿಂದ ಮೇಲಕ್ಕೆತ್ತಿದರೆ, ನಾಲ್ಕು ಮೂಲೆಗಳಿಗೆ ಸಮನಾಗಿ ಹಂಚಿದರೂ ಒಂದೊಂದಕ್ಕೆ 1,600 ಕಿಲೋಗ್ರಾಂ ಮೀರುತ್ತದೆ. ಹಗ್ಗ ಓರೆಯಾಗಿದ್ದರೆ ಅದರಲ್ಲಿನ ಎಳೆತ ಇನ್ನೂ ಅಧಿಕ. ಎತ್ತರ, ಆಕಾರ ಮತ್ತು ಬಳಕೆಯ ಅವಧಿಗೆ ತಕ್ಕಂತೆ ಈ ಅಂಕಿ ಬದಲಾಗುವುದರಿಂದ ಅಂತಿಮ ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರರದೇ ಆಗಿರತಕ್ಕದ್ದು.

ನೆಲಮಾಳಿಗೆ ಅಥವಾ ಕೊಳವೆಗಳಿರುವ ಚೌಕದಲ್ಲಿ ಅಡಿಪಾಯ ಅಗೆಯಲಾಗದು. ಕಾಂಕ್ರೀಟಿನ ತೂಕವೇ ಆಧಾರ. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2,400 ಕಿಲೋಗ್ರಾಂ ತೂಗುತ್ತದೆ. ಅದರ ಸಾಗಣೆ ಮತ್ತು ಕ್ರೇನ್ ಬಾಡಿಗೆಯನ್ನು ಮರೆತ ದರಪಟ್ಟಿ ಅಪೂರ್ಣ.

ಕತ್ತರಿಕೆ ಮತ್ತು ಬೆಸುಗೆ

ಸಮತಟ್ಟಾಗಿ ಹೊದಿಸಿದ ಬಟ್ಟೆ ಗಾಳಿಗೆ ಪಟಪಟಿಸುತ್ತದೆ, ಮಳೆನೀರು ನಿಂತು ಜೋಲುತ್ತದೆ. ಕುದುರೆಯ ಜೀನಿನಂತೆ ಎರಡು ದಿಕ್ಕಿಗೆ ಬಾಗಿಸಿ ಬಿಗಿದಾಗ ಮಾತ್ರ ಅದು ಸ್ಥಿರವಾಗಿ ನಿಲ್ಲುತ್ತದೆ. ಬಿಗಿದಾಗ ಬಟ್ಟೆ ಹಿಗ್ಗುವುದರಿಂದ, ಹಾಸು ಮತ್ತು ಹೊಕ್ಕು ಎರಡೂ ದಿಕ್ಕಿನ ಹಿಗ್ಗುವಿಕೆಯನ್ನು ಪರೀಕ್ಷಿಸಿ, ತುಂಡುಗಳನ್ನು ಅಷ್ಟರಮಟ್ಟಿಗೆ ಚಿಕ್ಕದಾಗಿ ಕತ್ತರಿಸಬೇಕು. ಪಿವಿಸಿ ಲೇಪಿತ ಬಟ್ಟೆಗೆ ಹೈ-ಫ್ರೀಕ್ವೆನ್ಸಿ ಬೆಸುಗೆ ಸೂಕ್ತ. ಮಾದರಿ ಜೋಡಣೆಯನ್ನು ಎಳೆದು ಪರೀಕ್ಷಿಸಿದ ನಂತರವೇ ತಯಾರಿಕೆಗೆ ತೊಡಗುವುದು ಲೇಸು.

ಆದಕಾರಣ ದರಪಟ್ಟಿಯಲ್ಲಿ ಬಟ್ಟೆ, ಆಧಾರ, ವಿದ್ಯುತ್ ವ್ಯವಸ್ಥೆ ಮತ್ತು ನಿರ್ವಹಣೆಗಳನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಯಾವ ಗಾಳಿವೇಗಕ್ಕೆ ಮಂಟಪವನ್ನು ತೆರವುಗೊಳಿಸಿ ಇಳಿಸಬೇಕು, ಆ ಹೊಣೆ ಯಾರದು ಎಂಬುದನ್ನು ಕರಾರಿನಲ್ಲಿಯೇ ಬರೆಸಿಕೊಂಡ ಉದ್ಯಮಿಗೆ ಲಾಭವೂ ಉಳಿಯುತ್ತದೆ, ಹೆಸರೂ ಉಳಿಯುತ್ತದೆ.