ಪ್ಯಾನೆಲ್ ಬಿಚ್ಚಿಸುವ ಮೊದಲು

ಮಗಳೇ,

ಹೊಸಪೇಟೆಯ ಮನೆಯ ಸೋಲಾರ್ ಕೆಟ್ಟಿದೆಯಂತೆ, ಎಲ್ಲ ಬಿಚ್ಚಿಸಿ ಗುಜರಿಗೆ ಹಾಕುತ್ತೀಯಂತೆ. ನಿನ್ನಪ್ಪ ಫೋನಿನಲ್ಲಿ ಹವಾಮಾನದ ಸುದ್ದಿ ಹೇಳಿದ ಹಾಗೆ ಇದನ್ನು ಹೇಳಿ ಮುಗಿಸಿದ. ನನಗೆ ಮಾತ್ರ ಸಂಕಟವಾಯಿತು. ನಿನಗೊಬ್ಬಳಿಗೇ ಬರೆಯಬಹುದಿತ್ತು. ಆದರೆ ಏಳೆಂಟು ವರ್ಷದ ಹಿಂದೆ ತಾರಸಿಗೆ ಸೋಲಾರ್ ಹಾಕಿಸಿಕೊಂಡವರು ಇನ್ನೂ ಎಷ್ಟೋ ಮಂದಿ ಇದೇ ಯೋಚನೆಯಲ್ಲಿರಬಹುದು. ಅವರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಕೆಟ್ಟಿರುವುದು ಇನ್ವರ್ಟರ್ ಒಂದೇ. ಪ್ಯಾನೆಲ್ಲಿಗೆ ತಯಾರಕರು ಸಾಮಾನ್ಯವಾಗಿ 25 ವರ್ಷದ ಭರವಸೆ ಕೊಡುತ್ತಾರೆ. ಅಷ್ಟು ಕಾಲ ಕಳೆದ ಮೇಲೂ ಅದು ಮೊದಲಿನ ಶಕ್ತಿಯಲ್ಲಿ ನೂರಕ್ಕೆ 80ರಷ್ಟಾದರೂ ಕೊಡಬೇಕು. ಇನ್ವರ್ಟರಿನ ಆಯಸ್ಸು ಹೆಚ್ಚೂಕಡಿಮೆ 10ರಿಂದ 15 ವರ್ಷ, ವಾರಂಟಿ 5ರಿಂದ 10. ಅಂದರೆ ಪ್ಯಾನೆಲ್ ಇರುವಷ್ಟು ಕಾಲದಲ್ಲಿ ಇನ್ವರ್ಟರನ್ನು ಒಮ್ಮೆಯಾದರೂ ಬದಲಿಸಲೇಬೇಕು. ಹಾಕಿಸುವ ದಿನ ಇದನ್ನು ಬಾಯಿಬಿಟ್ಟು ಹೇಳದೆ, "ಮೇಂಟೆನೆನ್ಸೇ ಇಲ್ಲ ಮೇಡಂ" ಎಂದು ಹೇಳಿ ಹೋದವರ ಮೇಲೆ ನನಗೆ ನಿಜಕ್ಕೂ ಕೋಪವಿದೆ.

ನಾನು ಸೋಲಾರ್ ಕೆಲಸಕ್ಕೆ ಇಳಿದಾಗ ಮನೆಯಲ್ಲಿ ತಯಾರಾದ ಕರೆಂಟನ್ನು ಲೈನಿಗೆ ಬಿಡುವ ಮಾತೇ ಇರಲಿಲ್ಲ. 1995ರಲ್ಲಿ ಹರೀಶ್ ಹಂದೆಯವರ ಸೋಲಾರ್ ಕಂಪನಿ ಸೆಲ್ಕೋ ಶುರುವಾದ ಮೇಲೆ ನಮ್ಮ ಕಡೆಯ ಹಳ್ಳಿಗಳಿಗೂ ಸೋಲಾರ್ ದೀಪದ ಸುದ್ದಿ ಬಂತು. ಕಂಬ ಹೋಗದ ಒಂಟಿಮನೆಗಳಿಗೆ ನಾನು ಅಂಥ ದೀಪ ಜೋಡಿಸುತ್ತಿದ್ದೆ. ಮನೆಗೊಂದು ಚಿಕ್ಕ ಪ್ಯಾನೆಲ್, ಒಂದು ಬ್ಯಾಟರಿ, ನಾಲ್ಕು ದೀಪ, ಅಷ್ಟೇ. ಬ್ಯಾಟರಿಯನ್ನು ಹೆಗಲಿಗೇರಿಸಿ ಅಡಿಕೆ ಮರದ ಸಂಕ ದಾಟಬೇಕು. ಆಸಿಡ್ ತುಳುಕಿ ಅಂಗಿಯೆಲ್ಲ ತೂತು. ನಿನ್ನ ದೊಡ್ಡಮ್ಮ ಆ ಅಂಗಿಗಳನ್ನು ಬೇರೆಯೇ ಒಗೆಯುತ್ತಿದ್ದಳು.

ಆಗುಂಬೆ ಹತ್ತಿರದ ಒಂದು ಮನೆಯ ಅಜ್ಜಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ್ದಾರೆ. ಅಕ್ಷರ ಬಾರದು. ಪ್ರತಿ ಅಮಾವಾಸ್ಯೆಯಂದು ಬ್ಯಾಟರಿಯ ಆರೂ ಮುಚ್ಚಳ ತಿರುಗಿಸಿ ನೀರಿನ ಮಟ್ಟ ನೋಡುವರು, ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕುವರು, ಟರ್ಮಿನಲ್ ಒರೆಸಿ ವ್ಯಾಸಲೀನ್ ಹಚ್ಚುವರು. ಐದು ವರ್ಷಕ್ಕೆ ಬದಲಿಸಬೇಕಾದೀತು ಎಂದು ನಾನೇ ಹೇಳಿಬಂದಿದ್ದ ಬ್ಯಾಟರಿ ಅವರ ಕೈಯಲ್ಲಿ ಎಂಟನ್ನೂ ದಾಟಿತು. ಅದೇ ಊರಿನ ದೊಡ್ಡ ಮನೆಯವರು ಇನ್ನೂ ಬೆಲೆಬಾಳುವ ಬ್ಯಾಟರಿ ತಂದಿದ್ದರು. ಎರಡನೇ ವರ್ಷ ಹೋಗಿ ನೋಡಿದರೆ ಒಳಗೆ ನೀರಿಲ್ಲ, ಪ್ಲೇಟೆಲ್ಲ ಒಣಗಿ ಬಿಳಿಚಿತ್ತು, ಟರ್ಮಿನಲ್ ಮೇಲೆ ಹಸಿರು ಉಪ್ಪು ಗಡ್ಡೆಕಟ್ಟಿತ್ತು. "ಅಂಗಡಿಯವರು ಬಂದು ನೋಡ್ತಾರೆ ಅಂದ್ಕೊಂಡಿದ್ವಿ" ಎಂದರು. ಅಂಗಡಿಯಿಂದ ಆ ಮನೆಗೆ ಅರ್ಧ ದಿನದ ದಾರಿ.

ಆಮೇಲೆ ಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟೆನಲ್ಲ, ಅಲ್ಲಿಗೆ ಇನ್ವರ್ಟರುಗಳು ಬರತೊಡಗಿದವು. ನಮ್ಮ ಮಲೆನಾಡಿನ ಪೆಟ್ಟಿಗೆಗಳು ಸಾಯುವುದು ಮುಂಗಾರಿಗೆ ಮುಂಚಿನ ಸಿಡಿಲಿಗೆ, ಇಲ್ಲವೇ ಒಳಗೆ ಗೂಡು ಕಟ್ಟಿದ ಇರುವೆಯಿಂದ. ಒಮ್ಮೆ ಹಲ್ಲಿಯೊಂದು ಎರಡು ಟರ್ಮಿನಲ್ ನಡುವೆ ಸುಟ್ಟು ಕರಕಾಗಿ ಅಂಟಿಕೊಂಡಿತ್ತು. ಬಯಲುಸೀಮೆಯಿಂದ ಬಂದವು ಬೇರೆ ಥರ. ಹೊರಗಿಂದ ಹೊಸದರ ಹಾಗೇ ಇರುತ್ತವೆ. ಬಿಚ್ಚಿದರೆ ಕೆಪಾಸಿಟರುಗಳ ತಲೆ ಉಬ್ಬಿರುತ್ತದೆ, ಫ್ಯಾನಿನ ರೆಕ್ಕೆಗೆ ಧೂಳಿನ ಕಂಬಳಿ. ಇನ್ವರ್ಟರಿನಲ್ಲಿ ಮೊದಲು ಮುದಿಯಾಗುವ ಭಾಗಗಳಲ್ಲಿ ಈ ಕೆಪಾಸಿಟರ್ ಒಂದು. ಒಳಗಿನ ದ್ರವ ವರ್ಷವರ್ಷಕ್ಕೂ ಆರುತ್ತದೆ, ಬಿಸಿ ಹೆಚ್ಚಿದಷ್ಟೂ ಬೇಗ ಆರುತ್ತದೆ. ಬಿಸಿ 10 ಡಿಗ್ರಿ ಏರಿದರೆ ಅದರ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ನಮ್ಮ ಕಸುಬಿನವರ ಲೆಕ್ಕ. ಅದಕ್ಕೇ ನಾನು ಬಂದ ಗಿರಾಕಿಗೆಲ್ಲ ಮೊದಲು ಕೇಳುತ್ತಿದ್ದುದು, ಪೆಟ್ಟಿಗೆ ಎಲ್ಲಿ ಹಾಕಿದ್ದೀರಿ ಎಂದು.

ಈಗ ನೀನು ಕಳಿಸಿದ ಫೋಟೊಗೆ ಬರುತ್ತೇನೆ. ತಾರಸಿಯಲ್ಲಿ ಪಶ್ಚಿಮಕ್ಕೆ ಮುಖಮಾಡಿದ ಗೋಡೆಗೆ ಇನ್ವರ್ಟರ್ ಹಾಕಿಸಿದ್ದೀಯ. ಹೊಸಪೇಟೆಯ ಏಪ್ರಿಲ್ ಬಿಸಿಲು ಮಧ್ಯಾಹ್ನದಿಂದ ಸಂಜೆಯವರೆಗೆ ನೇರ ಅದರ ಮುಖಕ್ಕೇ ಬೀಳುತ್ತದೆ. ಅದು ಸಾಲದ್ದಕ್ಕೆ ಮಳೆಗೆ ನೆನೆಯದಿರಲಿ ಎಂದು ಪ್ಲಾಸ್ಟಿಕ್ ಹಾಳೆ ಬಿಗಿದು ಸುತ್ತಿದ್ದೀಯ! ಯಾರು ಹೇಳಿದರು ನಿನಗೆ? ತಾರಸಿಗೆಂದೇ ಮಾಡಿದ ಇನ್ವರ್ಟರಿಗೆ ಮಳೆ ತಡೆಯುವ ಮೈ ಇರುತ್ತದೆ. ಅದಕ್ಕೆ ಬೇಕಾದದ್ದು ಗಾಳಿ, ನೀನು ತಡೆದದ್ದು ಅದನ್ನೇ. ಇಷ್ಟು ಓದಿದವಳು, ಬೆಳಿಗ್ಗೆಯಿಂದ ರಾತ್ರಿಯವರೆಗೆ ಫೋನು ನೋಡುವವಳು, ಅದೇ ಫೋನಿನ ಆ್ಯಪಿನಲ್ಲಿ ಮೂರು ಬೇಸಿಗೆಯಿಂದ ಮಧ್ಯಾಹ್ನದ ಉತ್ಪಾದನೆ ಕುಸಿಯುತ್ತಿದ್ದುದು ಕಾಣಲಿಲ್ಲವೇ? ಪೆಟ್ಟಿಗೆ ಬಿಸಿಯಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ಕೆಲಸ ಕಡಿಮೆ ಮಾಡುತ್ತದೆ. ತಿಂಗಳುಗಟ್ಟಲೆ ಅದು ಹೇಳುತ್ತಿತ್ತು, ಮನೆಯಲ್ಲಿ ಕೇಳುವವರಿರಲಿಲ್ಲ. ನಿನ್ನೂರಿನಲ್ಲಿ ಅದಿರಿನ ಲಾರಿಗಳ ಕೆಂಪು ಧೂಳು ಬೇರೆ; ಫೋಟೊದಲ್ಲಿ ಬಿಸಿ ಹೊರಹಾಕುವ ಹಿಂಬದಿಯ ಹೀಟ್ ಸಿಂಕ್ ಪಟ್ಟಿಗಳ ನಡುವಿನ ಸಂದೆಲ್ಲ ಅದರಿಂದಲೇ ತುಂಬಿಹೋಗಿದೆ.

ಬೈದೆ, ಬೇಸರಿಸಬೇಡ. ಚಿಕ್ಕವಳಿದ್ದಾಗ ನನ್ನ ಅಂಗಡಿಯಲ್ಲಿ ಕೂತು ಸೋಲ್ಡರಿಂಗ್ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಾ "ಇದು ಯಾಕೆ ಸತ್ತಿತು?" ಎಂದು ಕೇಳುತ್ತಿದ್ದವಳು ನೀನು. ಅದಕ್ಕೇ ಇಷ್ಟು ನೊಂದು ಬರೆದೆ.

ನಿರ್ಧಾರ ನಿನ್ನದೇ, ಎರಡೂ ಕಡೆ ನೋಡು. ಗೃಹಜ್ಯೋತಿಯ ಉಚಿತ ಕರೆಂಟ್ ಇರುವಾಗ ಸೋಲಾರ್ ಯಾಕೆ ಎನ್ನುತ್ತೀಯ, ಆ ಮಾತಿನಲ್ಲಿ ಅರ್ಥವಿದೆ. ಆದರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ನಿನ್ನದೇ, ಬೇಸಿಗೆಯಲ್ಲಿ ಎ.ಸಿ. ಹಾಕುವ ನಿನ್ನ ಮನೆಯಲ್ಲಿ ಅದು ದಾಟದೆ ಇರುತ್ತದೆಯೇ? ನಿನ್ನದು 3 ಕಿಲೋವ್ಯಾಟ್. ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಎಂದು ಹಿಡಿದರೂ ತಿಂಗಳಿಗೆ 350ರ ಆಸುಪಾಸು. ಹೊಸ ಇನ್ವರ್ಟರಿಗೆ 30,000ದಿಂದ 40,000 ರೂಪಾಯಿ ಆದೀತು. ಇನ್ನೂ ಹದಿನೇಳು ವರ್ಷದ ಭರವಸೆ ಇರುವ ಪ್ಯಾನೆಲ್ಲುಗಳನ್ನು ಗುಜರಿಯವನು ಅಲ್ಯೂಮಿನಿಯಂ ಚೌಕಟ್ಟಿನ ಬೆಲೆಗೆ ಕೇಳುತ್ತಾನೆ. ಕೊಡಲು ಮನಸ್ಸು ಬರುತ್ತದೆಯೇ? ಕರೆಂಟ್ ಹೋದಾಗ ಇದೂ ನಿಲ್ಲುತ್ತದೆ ಎಂಬ ನಿನ್ನ ದೂರು ಹಳೆಯದು. ಅದು ದೋಷವೆಂದುಕೊಳ್ಳಬೇಡ, ಕಂಬ ಹತ್ತಿದ ಲೈನ್‌ಮನ್ನನ ಜೀವ ಕಾಯಲೆಂದೇ ಅದನ್ನು ಹಾಗೆ ಮಾಡಿದ್ದಾರೆ. ಕತ್ತಲಲ್ಲೂ ಬೇಕೆಂದರೆ ಬ್ಯಾಟರಿ ಸೇರುವ ಹೈಬ್ರಿಡ್ ಇನ್ವರ್ಟರ್ ತಗೋ, ದುಡ್ಡು ಹೆಚ್ಚು ಬೀಳುತ್ತದೆ.

ಹೊಸದನ್ನು ತಾರಸಿಗೆ ಹಾಕಿಸಬೇಡ. ಮೆಟ್ಟಿಲ ಕೆಳಗೆ ನೆರಳಿದೆಯಲ್ಲ, ಅಲ್ಲಿ ಸುತ್ತಲೂ ಒಂದಡಿ ಜಾಗ ಬಿಟ್ಟು ಹಾಕಿಸು, ತಂತಿ ಸ್ವಲ್ಪ ಉದ್ದವಾದರೆ ಆಗಲಿ. ತಿಂಗಳಿಗೊಮ್ಮೆ ಒಣ ಬ್ರಷ್‌ನಿಂದ ಹೊರಗಿನ ಪಟ್ಟಿಗಳ ಧೂಳು ತೆಗಿ. ಎಸ್‌ಪಿಡಿಯ (ಸಿಡಿಲಿನ ಹೊಡೆತ ತಡೆಯುವ ಸಾಧನ) ಪುಟ್ಟ ಕಿಟಕಿ ಹಸಿರಿದೆಯೇ ನೋಡು, ಕೆಂಪಾಗಿದ್ದರೆ ಮುಂದಿನ ಸಿಡಿಲಿಗೆ ರಕ್ಷಣೆ ಇಲ್ಲವೆಂದೇ ಅರ್ಥ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗಳಿಗೆ ನೀರು ಹಾಕು. ಪೆಟ್ಟಿಗೆಯ ಮುಚ್ಚಳಕ್ಕೆ ಮಾತ್ರ ಕೈಹಾಕಬೇಡ. ಬಿಸಿಲಿರುವವರೆಗೆ ಪ್ಯಾನೆಲ್ಲಿನ ತಂತಿಯಲ್ಲಿ 300 ವೋಲ್ಟಿಗೂ ಹೆಚ್ಚು ಡಿ.ಸಿ. ಇರಬಹುದು, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳು ಕೆಲವು ನಿಮಿಷ ಕರೆಂಟು ಹಿಡಿದಿರುತ್ತವೆ. ಆ ಕೆಲಸಕ್ಕೆ ವರ್ಷಕ್ಕೊಮ್ಮೆ ಬಲ್ಲವರನ್ನು ಕರೆಸು. ಬದಲಿಸುವಾಗ ಜೆಸ್ಕಾಂ ಕಚೇರಿಗೂ ಹೊಸ ಇನ್ವರ್ಟರಿನ ವಿವರ ತಿಳಿಸಿಬಿಡು.

ಬಿಚ್ಚುವವನಿಗೆ ಈ ವಾರ ಬರಬೇಡ ಎಂದು ಹೇಳು. ಪ್ಯಾನೆಲ್ಲಿನ ಹಿಂದೆ ಅಂಟಿಸಿರುವ ಚೀಟಿಯ ಫೋಟೊ ತೆಗೆದು, ಸಾಲಿಗೆ ಎಷ್ಟು ಪ್ಯಾನೆಲ್ ಇವೆ ಎಂದು ಎಣಿಸಿ ನನಗೆ ಕಳಿಸು. ವೋಲ್ಟೇಜಿನ ಲೆಕ್ಕ ಹಾಕಿ ಯಾವ ಇನ್ವರ್ಟರ್ ಹೊಂದುತ್ತದೆ ಎಂದು ನಾನೇ ಬರೆದು ತಿಳಿಸುತ್ತೇನೆ.

ನಿನ್ನ ದೊಡ್ಡಪ್ಪ