ಮಗುವಿನ ಬೆಳವಣಿಗೆ: ವೈದ್ಯರಿಗೂ ಪಾಠ, ಹೆತ್ತವರಿಗೂ ಪಾಠ



ಅಡಿಕೆ ಸಸಿಯ ಎಲೆ ಹಳದಿಯಾದರೆ ನಾವು ಮುಂದಿನ ಮಳೆಗಾಲದವರೆಗೆ ಕಾಯುವುದಿಲ್ಲ. ಆದರೆ ಎರಡು ವರ್ಷದ ಮಗು ಮಾತಾಡದಿದ್ದರೆ, "ಅವನ ಅಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಸುಮ್ಮನಿರುತ್ತೇವೆ. ಕೆಲವೊಮ್ಮೆ ವೈದ್ಯರೂ "ನೋಡೋಣ" ಎಂದು ಕಳುಹಿಸುವುದುಂಟು. ಜ್ವರ, ಭೇದಿಯ ಚಿಕಿತ್ಸೆ ಬಲ್ಲ ಎಲ್ಲ ವೈದ್ಯರಿಗೂ ಮಗುವಿನ ಮನಸ್ಸಿನ ಬೆಳವಣಿಗೆಯ ವಿಷಯದಲ್ಲಿ ಸಾಕಷ್ಟು ತರಬೇತಿ ಸಿಕ್ಕಿರುವುದಿಲ್ಲ.

ಈ ಕೊರತೆ ಅಮೆರಿಕದ ಹಳ್ಳಿಗಳಲ್ಲೂ ಇದೆ. ರೋಗಿಯನ್ನು ದೂರದ ನಗರಕ್ಕೆ ಅಲೆಸುವ ಬದಲು ತಜ್ಞರ ವಿದ್ಯೆಯನ್ನೇ ಹಳ್ಳಿಯ ವೈದ್ಯರಿಗೆ ವಿಡಿಯೋ ಮೂಲಕ ತಲುಪಿಸಬೇಕೆಂದು ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದ ಯಕೃತ್ ತಜ್ಞ ಡಾ. ಸಂಜೀವ್ ಅರೋರಾ 2003ರಲ್ಲಿ 'ಪ್ರಾಜೆಕ್ಟ್ ಎಕೋ' ಆರಂಭಿಸಿದರು. 2015ರಲ್ಲಿ ಮಿಸ್ಸೌರಿ ವಿಶ್ವವಿದ್ಯಾನಿಲಯದ ಮಕ್ಕಳ ತಜ್ಞೆ ಡಾ. ಕ್ರಿಸ್ಟಿನ್ ಸೋಲ್ ಇದೇ ಕ್ರಮವನ್ನು ಆಟಿಸಂ ವಿಷಯಕ್ಕೆ ತಂದರು. ಅಲ್ಲಿ ಮೊದಲು ಒಂದು ಚಿಕ್ಕ ಪಾಠ. ಬಳಿಕ ಹಳ್ಳಿಯ ವೈದ್ಯರು ತಾವು ನೋಡುತ್ತಿರುವ ಒಂದು ಮಗುವಿನ ಸ್ಥಿತಿಯನ್ನು, ಹೆಸರು ಹೇಳದೆ, ತಜ್ಞರ ಮುಂದಿಡುತ್ತಾರೆ. ಆ ತಂಡದಲ್ಲಿ ಮನಶ್ಶಾಸ್ತ್ರಜ್ಞರ ಜೊತೆಗೆ ಆಟಿಸಂ ಇರುವ ಮಗುವಿನ ತಾಯಿ ಅಥವಾ ತಂದೆಯೂ ಇರುತ್ತಾರೆ.

ಫಲವೇನು? ಅಮೆರಿಕ, ಕೆನಡಾಗಳ 10 ಕೇಂದ್ರಗಳ ಮೂಲಕ 148 ಪ್ರಾಥಮಿಕ ಚಿಕಿತ್ಸಕರಿಗೆ ತರಬೇತಿ ನೀಡಿ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅವರ ತಿಳುವಳಿಕೆ, ಆತ್ಮವಿಶ್ವಾಸ ಹೆಚ್ಚಿತ್ತು. ಆದರೆ ಮಕ್ಕಳನ್ನು ಪರೀಕ್ಷಿಸುವ ರೂಢಿಯಲ್ಲಿ ಸ್ಪಷ್ಟ ಬದಲಾವಣೆ ಕಾಣಲಿಲ್ಲ. ಅಂದರೆ ವೈದ್ಯರು ಕಲಿತರಷ್ಟೇ ಸಾಲದು. ಹೆತ್ತವರೂ ಗಮನಿಸಿ ಕೇಳಬೇಕು.

ಇವನ್ನು ನೆನಪಿಡಿ:

1. 9 ತಿಂಗಳಾದರೂ ಹೆಸರು ಕರೆದರೆ ತಿರುಗಿ ನೋಡದಿರುವುದು.
2. ಒಂದೂವರೆ ವರ್ಷವಾದರೂ ಬೇಕಾದದ್ದನ್ನು ಬೆರಳಿನಿಂದ ತೋರಿಸದಿರುವುದು.
3. 2 ವರ್ಷವಾದರೂ "ಅಮ್ಮ ಬಾ" ಎಂಬಂತೆ ಎರಡು ಪದ ಕೂಡಿಸದಿರುವುದು.
4. ಯಾವ ವಯಸ್ಸಿನಲ್ಲೇ ಆಗಲಿ, ಕಲಿತದ್ದನ್ನು ಮರೆಯುವುದು.

ಇವೆಲ್ಲ ರೋಗವೆಂದಲ್ಲ, ಕಿವಿ ಕೇಳದಿರುವುದೂ ಕಾರಣವಿರಬಹುದು. ಆದರೆ ಪರೀಕ್ಷೆ ಅಗತ್ಯ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳಿಗೆ ಉಚಿತ ತಪಾಸಣೆ ಇದೆ. ಅಂಗನವಾಡಿಗೂ ತಂಡ ಬರುತ್ತದೆ. ಸಂದೇಹವಿದ್ದರೆ ಜಿಲ್ಲಾ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಚೀಟಿ ಕೇಳಿ ಪಡೆಯಿರಿ.

ತಾಯಿಯನ್ನು ದೂಷಿಸಬೇಡಿ, ಹರಕೆ ಹೊತ್ತು ದಿನ ದೂಡಬೇಡಿ. ಮೊದಲ ಮೂರು ವರ್ಷಗಳಲ್ಲಿ ಮೆದುಳು ಅತಿ ವೇಗವಾಗಿ ಬೆಳೆಯುತ್ತದೆ. ಬಿತ್ತನೆಯಂತೆ ಇದಕ್ಕೂ ಹದವಿದೆ.