ಕಾರ್ಡಿನ ಲಿಮಿಟ್ ಹೆಚ್ಚಿಸಬೇಕೇ? ಮೊದಲು ಲೆಕ್ಕ ಹಾಕೋಣ



ಭದ್ರಾವತಿ ಹಳೇನಗರದ ಒಂದು ಸಂಘದ ಸಭೆಯಲ್ಲಿ ಒಬ್ಬ ಸದಸ್ಯೆ ಮೊಬೈಲ್ ತೋರಿಸಿ ಕೇಳಿದರು: “ಸಿಸ್ಟರ್, ನನ್ನ ಕ್ರೆಡಿಟ್ ಕಾರ್ಡಿನ ಲಿಮಿಟ್ಟು ಇಪ್ಪತ್ತು ಸಾವಿರದಿಂದ ಐವತ್ತು ಸಾವಿರ ಮಾಡ್ತಾರಂತೆ. ಹೂಂ ಅನ್ನಲಾ?”

ಅವರು ಮಾಚೇನಹಳ್ಳಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಕೈಗೆ ಬರುವುದು ತಿಂಗಳಿಗೆ ರೂ. 12,000. ಮಗಳ ಕಾಲೇಜು ಫೀಸಿಗೆ ರೂ. 20,000 ಬೇಕಿತ್ತು. ಪಕ್ಕದಲ್ಲಿದ್ದವರು, “ಅವರೇ ಕೊಡ್ತಿರುವಾಗ ತಗೊಳ್ಳಕ್ಕ” ಎಂದರು. ನಾವು ಬೋರ್ಡಿನ ಮೇಲೆ ಲೆಕ್ಕ ಬರೆದೆವು.

ಲಿಮಿಟ್ ನಮ್ಮ ಹಣವಲ್ಲ

ಲಿಮಿಟ್ ಎಂದರೆ ಬ್ಯಾಂಕು ನಮಗೆ ಎಷ್ಟರವರೆಗೆ ಸಾಲ ಕೊಡಲು ಸಿದ್ಧವಿದೆ ಎಂಬುದು. ಅದು ಹೆಚ್ಚಾದರೆ ಸಂಬಳ ಹೆಚ್ಚಾಗುವುದಿಲ್ಲ. ಬಾಡಿಗೆ, ರೇಷನ್, ಬಸ್ಸು, ಸಂಘದ ಉಳಿತಾಯ ಕಳೆದರೆ ಆ ಸಹೋದರಿಗೆ ಉಳಿಯುವುದು ರೂ. 2,000. ಕಾರ್ಡಿನ ಬಿಲ್ಲನ್ನು ಕೊನೆಯ ದಿನಾಂಕದೊಳಗೆ ಪೂರ್ತಿ ಕಟ್ಟಿದರೆ ಖರೀದಿಗೆ ಬಡ್ಡಿ ಇಲ್ಲ. ಆದರೆ 2,000 ಉಳಿಯುವವರು 20,000 ಪೂರ್ತಿ ಕಟ್ಟುವುದು ಹೇಗೆ?

ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳೋಣ. ಅನೇಕ ಕಾರ್ಡುಗಳಲ್ಲಿ ಹೆಚ್ಚುಕಡಿಮೆ ಇಷ್ಟಿರುತ್ತದೆ.

- ಬಾಕಿ ರೂ. 20,000ಕ್ಕೆ ಒಂದು ತಿಂಗಳ ಬಡ್ಡಿ: ರೂ. 700
- ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ: ರೂ. 126
- ಒಟ್ಟು: ರೂ. 826

ರೂ. 1,000 ಕಟ್ಟಿದರೆ ಅಸಲಿಗೆ ಹೋಗುವುದು ಬರೀ 174. “ಕನಿಷ್ಠ ಮೊತ್ತ ಕಟ್ಟಿದರೆ ಸಾಕು” ಎಂಬ ಮಾತಿನಲ್ಲಿರುವ ಗುಂಡಿ ಇದು. ಬಾಕಿ ಉಳಿದಿರುವಾಗ ಹೊಸದಾಗಿ ಏನು ಕೊಂಡರೂ ಅದಕ್ಕೆ ಮೊದಲ ದಿನದಿಂದಲೇ ಬಡ್ಡಿ. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರೆ ಬಡ್ಡಿಯ ಜೊತೆ ಶುಲ್ಕವೂ ಇದೆ.

ಅದೇ ಹಣವನ್ನು ಸಂಘದಿಂದ ನೂರಕ್ಕೆ ಒಂದು ರೂಪಾಯಿಯಂತೆ ಪಡೆದರೆ ಮೊದಲ ತಿಂಗಳ ಬಡ್ಡಿ ರೂ. 200. ಅದೂ ನಮ್ಮ ಸಂಘದಲ್ಲೇ ಉಳಿಯುತ್ತದೆ.

ಹೆಚ್ಚಿಸಿಕೊಳ್ಳುವುದು ಯಾವಾಗ ಸರಿ?

ಕಾರ್ಡೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಿಂದ ಬಟ್ಟೆ ತಂದು ಮಾರುವವರು ಬಿಲ್ಲಿನ ದಿನದೊಳಗೆ ಹಣ ವಾಪಸ್ ಪಡೆಯುವುದಾದರೆ ಕಾರ್ಡು ಅನುಕೂಲ. ರೂ. 20,000 ಲಿಮಿಟ್‌ನಲ್ಲಿ 10,000 ಬಳಸಿದರೆ ಅರ್ಧ ಬಳಸಿದಂತೆ. ಲಿಮಿಟ್ 40,000 ಆದರೆ ಅದೇ ಖರ್ಚು ಕಾಲುಭಾಗ. ಇದರಿಂದ ಸಿಬಿಲ್ ಸ್ಕೋರಿಗೆ ಒಳ್ಳೆಯದಾಗಬಹುದು, ಆದರೆ ಖರ್ಚು ಹೆಚ್ಚಬಾರದು.

ಸಂಘಕ್ಕೆ ಬ್ಯಾಂಕು ಸಾಲ ಹೆಚ್ಚಿಸುವಾಗ ಏನು ನೋಡುತ್ತದೆ? ಉಳಿತಾಯ, ಮರುಪಾವತಿ, ಪುಸ್ತಕ. ಕಾರ್ಡಿಗೂ ನಾವು ಇದೇ ಅಳತೆ ಹಿಡಿಯೋಣ:

1. ಆರು ತಿಂಗಳು ಬಿಲ್ಲನ್ನು ಪೂರ್ತಿಯಾಗಿ, ತಡವಿಲ್ಲದೆ ಕಟ್ಟಿದ್ದೇನೆಯೇ?
2. ಆದಾಯ ನಿಜವಾಗಿ ಹೆಚ್ಚಿದೆಯೇ? ಬ್ಯಾಂಕಿಗೆ ತೋರಿಸಲು ಸಂಬಳದ ಚೀಟಿ ಅಥವಾ ಪಾಸ್‌ಬುಕ್ ಇದೆಯೇ?
3. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಸಿಬಿಲ್ ವರದಿ ನೋಡಿದ್ದೇನೆಯೇ?
4. ಒಂದು ತಿಂಗಳು ಕೆಲಸ ನಿಂತರೂ ಕಟ್ಟಬಲ್ಲೆನೇ?

ನಾಲ್ಕನೆಯದನ್ನು ಭದ್ರಾವತಿಯವರಿಗೆ ವಿವರಿಸಬೇಕಿಲ್ಲ. ಕಾಗದ ಕಾರ್ಖಾನೆ ನಿಂತಾಗ ಸಂಬಳ ನಂಬಿ ಮಾಡಿದ ಸಾಲ ಏನಾಗುತ್ತದೆಂದು ಎಷ್ಟೋ ಮನೆಗಳು ಕಂಡಿವೆ.

ಸ್ವಲ್ಪ ಉಳಿತಾಯ ಇರುವವರು ಅದನ್ನು ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡು ಪಡೆಯಬಹುದು. ಆಗ ಲಿಮಿಟ್ ನಮ್ಮ ಠೇವಣಿಗೆ ತಕ್ಕಂತೆ ಇರುತ್ತದೆ. ಆದರೆ ಬಾಕಿ ಬಿಟ್ಟರೆ ಠೇವಣಿಯಿಂದಲೇ ಮುರಿದುಕೊಳ್ಳುತ್ತಾರೆ.

ನಮ್ಮ ಹಕ್ಕು

ರಿಸರ್ವ್ ಬ್ಯಾಂಕು 2022ರಲ್ಲಿ ತಂದ ನಿಯಮದಂತೆ, ನಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಲಿಮಿಟ್ ಹೆಚ್ಚಿಸುವ ಹಾಗಿಲ್ಲ. ಬೇಡ ಎನ್ನಬಹುದು. ತಕರಾರಿದ್ದರೆ ಮೊದಲು ಬ್ಯಾಂಕಿಗೆ ಬರೆದುಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448. “ಲಿಮಿಟ್ ಜಾಸ್ತಿ ಮಾಡ್ತೀವಿ, ಓಟಿಪಿ ಹೇಳಿ” ಎಂದು ಯಾರೇ ಫೋನ್ ಮಾಡಿದರೂ ಹೇಳಬೇಡಿ. ಮೋಸ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಆ ಸಹೋದರಿ ಫೀಸಿಗೆ ಸಂಘದ ಸಾಲ ಪಡೆದರು. ಮೆಸೇಜಿಗೆ ಒಪ್ಪಿಗೆ ಕೊಡಲಿಲ್ಲ. “ಟೈಲರಿಂಗ್ ಶುರು ಮಾಡಿ ಆದಾಯ ಬಂದ ಮೇಲೆ ನಾನೇ ಕೇಳ್ತೀನಿ ಸಿಸ್ಟರ್” ಎಂದರು.

ಸಭೆಯಲ್ಲಿ ಚರ್ಚಿಸಿ

- ನಮ್ಮಲ್ಲಿ ಯಾರ ಬಳಿ ಕಾರ್ಡು ಇದೆ? ಬಡ್ಡಿ ಎಷ್ಟೆಂದು ಗೊತ್ತೇ?
- ಎಲ್ಲ ಖರ್ಚು ಕಳೆದು ನನ್ನ ಕೈಯಲ್ಲಿ ತಿಂಗಳಿಗೆ ಎಷ್ಟು ಉಳಿಯುತ್ತದೆ?
- ಕಾರ್ಡಿನ ಬಾಕಿಯಲ್ಲಿ ಸಿಕ್ಕಿಕೊಂಡ ಸದಸ್ಯೆಗೆ ಸಂಘ ಹೇಗೆ ನೆರವಾಗಬಹುದು?